ಪರದೇಶಕ್ಕೆ ಹೊರಟವರ ಪಾಸ್‌ಬುಕ್ಕು

ಮಾಟುಂಗಾ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಪರದೇಶಕ್ಕೆ ಹೊರಟರೆಂದರೆ ತಿಂಗಳ ಮೊದಲೇ ಚಟ್ನಿಪುಡಿ, ಸಾರಿನಪುಡಿಗಳ ಪೊಟ್ಟಣಗಳು ಸಿದ್ಧವಾಗತೊಡಗುತ್ತವೆ. ಪೆಟ್ಟಿಗೆಯನ್ನು ಮೂರು ಬಾರಿ ತೂಗಿ ನೋಡುತ್ತಾರೆ. ಬ್ಯಾಂಕಿನ ಪಾಸ್‌ಬುಕ್ಕು ಮಾತ್ರ ಕಪಾಟಿನಲ್ಲಿಯೇ ಉಳಿದುಬಿಡುತ್ತದೆ.

ಇದರ ಪರಿಣಾಮ ತಿಳಿಯುವುದು ಸಂಕಟದ ಗಳಿಗೆಯಲ್ಲಿ. ತಂದೆಗೆ ಎದೆನೋವೆಂದು ರಾತ್ರಿ ಆಸ್ಪತ್ರೆಗೆ ಸೇರಿಸಿರುತ್ತಾರೆ, ಮುಂಗಡ ಕಟ್ಟಬೇಕು. ಮಗನ ಖಾತೆಯಲ್ಲಿ ಹಣವಿದೆ. ಆದರೆ ಓ.ಟಿ.ಪಿ. ಬರುವುದು ಇಲ್ಲಿಯ ಹಳೆಯ ಮೊಬೈಲ್ ಸಂಖ್ಯೆಗೆ. ಆ ಸಂಖ್ಯೆಯೋ ಬಳಕೆಯಿಲ್ಲದೆ ಎಂದೋ ರದ್ದಾಗಿದೆ. ತಾಯಿಗೆ ಸಹಿಯ ಅಧಿಕಾರವಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಮಗ, ಹಣವಿದ್ದೂ ಇಲ್ಲದವನಂತೆ ಕೈಹಿಸುಕಿಕೊಳ್ಳುತ್ತಾನೆ. ಹೊರಡುವ ಮುನ್ನ ಅರ್ಧ ದಿನವನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಈ ಪ್ರಸಂಗ ಬರುತ್ತಿರಲಿಲ್ಲ.

2000ದ ಜೂನ್ 1ರಂದು ಜಾರಿಗೆ ಬಂದ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ದೃಷ್ಟಿಯಲ್ಲಿ, ಉದ್ಯೋಗಕ್ಕೆಂದು ಹೊರದೇಶಕ್ಕೆ ಹೋದವನು ಹೊರಟಾಗಿನಿಂದಲೇ ಅನಿವಾಸಿ. ಆದಾಯ ತೆರಿಗೆಯವರು ದಿನಗಳನ್ನೆಣಿಸಿ ನಿರ್ಧರಿಸುವುದು ಬೇರೆಯೇ ಲೆಕ್ಕ. ಎರಡೂ ಒಂದೇ ಎಂದು ತಿಳಿಯುವವರು, ವಿದ್ಯಾವಂತರಲ್ಲಿಯೂ, ಕಡಿಮೆಯಿಲ್ಲ. ಅನಿವಾಸಿಯಾದವನು ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಅದನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಿಕೊಳ್ಳಬೇಕು. ಮನೆಬಾಡಿಗೆ, ಷೇರುಗಳ ಲಾಭಾಂಶ ಮೊದಲಾದ ಇಲ್ಲಿಯ ಆದಾಯ ಜಮೆಯಾಗುವುದು ಇದರಲ್ಲಿ. ಬಡ್ಡಿಯ ಮೇಲೆ ಸಾಮಾನ್ಯವಾಗಿ ಶೇಕಡಾ 30ರಷ್ಟು ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಬ್ಯಾಂಕು ಮೂಲದಲ್ಲಿಯೇ ಮುರಿದುಕೊಳ್ಳುತ್ತದೆ. ತೆರಿಗೆ ಸಂದಾಯವಾದ ಬಳಿಕ ಈ ಹಣದಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಅಮೆರಿಕನ್ ಡಾಲರುಗಳವರೆಗೆ ಹೊರಗೆ ಒಯ್ಯಬಹುದು.

ಅಲ್ಲಿಯ ಸಂಪಾದನೆಯನ್ನು ಇಲ್ಲಿ ಕೂಡಿಡುವುದಕ್ಕೆ ಎನ್.ಆರ್.ಇ. ಖಾತೆ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ಅಸಲು, ಬಡ್ಡಿಗಳೆರಡನ್ನೂ ಮರಳಿ ಒಯ್ಯಲು ಅಡ್ಡಿಯಿಲ್ಲ. ಇಲ್ಲಿ ತೆರಿಗೆಯಿಲ್ಲವೆಂದರೆ ಎಲ್ಲಿಯೂ ಇಲ್ಲವೆಂದು ಭಾವಿಸಬಾರದು. ಅಮೆರಿಕದ ತೆರಿಗೆ ನಿವಾಸಿಯಾದವನು ಆ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಎಂದಾದರೂ 10,000 ಡಾಲರನ್ನು ಮೀರಿದರೆ ಪ್ರತ್ಯೇಕ ವರದಿಯನ್ನೂ ಸಲ್ಲಿಸಬೇಕು.

ಇನ್ನು ಮನೆಯವರ ಮಾತು. ಎನ್.ಆರ್.ಓ. ಖಾತೆಯಲ್ಲಿ ತಾಯಿಯ ಹೆಸರನ್ನು ಜಂಟಿಯಾಗಿ ಸೇರಿಸಬಹುದಾದರೂ ಮಗ ಬದುಕಿರುವಷ್ಟು ಕಾಲ ಆಕೆ ತಾನಾಗಿ ಹಣ ತೆಗೆಯಲಾರಳು. ಆದುದರಿಂದ ಸ್ಥಳೀಯ ಪಾವತಿಗಳಿಗೆ ಅಧಿಕಾರ ಪತ್ರವನ್ನು ಬ್ಯಾಂಕಿನಲ್ಲಿ ನೋಂದಾಯಿಸಿಯೇ ಹೊರಡುವುದು ಲೇಸು. ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಡುವುದು, ಇಲ್ಲವೇ ಅಲ್ಲಿಯ ಸಂಖ್ಯೆಯನ್ನು ಬ್ಯಾಂಕಿಗೆ ತಿಳಿಸುವುದು ಚಿಕ್ಕ ಕೆಲಸವೆನಿಸಿದರೂ ಆಸ್ಪತ್ರೆಯ ಬಾಗಿಲಲ್ಲಿ ಅದೇ ದೊಡ್ಡದು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಮರಳಿ ಕೇಳಿ ಪಡೆಯುವ ಹಕ್ಕು ಉಳಿದಿರುತ್ತದೆ.

ಪಿ.ಪಿ.ಎಫ್. ಖಾತೆಯನ್ನು ಅನಿವಾಸಿ ಹೊಸದಾಗಿ ತೆರೆಯುವಂತಿಲ್ಲ. ಮೊದಲೇ ಇದ್ದುದನ್ನು 15 ವರ್ಷದ ಅವಧಿ ಮುಗಿಯುವವರೆಗೆ ನಡೆಸಬಹುದು, ವಿಸ್ತರಿಸುವಂತಿಲ್ಲ. ಷೇರು, ಮ್ಯೂಚುವಲ್ ಫಂಡುಗಳ ಕೆ.ವೈ.ಸಿ.ಯಲ್ಲಿಯೂ ಅನಿವಾಸಿಯೆಂದು ಬರೆಯಿಸಬೇಕು. ಅಮೆರಿಕ, ಕೆನಡಾಗಳಲ್ಲಿರುವವರ ಹಣವನ್ನು ಕೆಲವು ಫಂಡುಗಳು ಸ್ವೀಕರಿಸುವುದಿಲ್ಲ. ತಿಂಗಳ ಕಂತು ಕಟ್ಟುವವರು ಮೊದಲೇ ವಿಚಾರಿಸಬೇಕು.

ಮುಂದೊಮ್ಮೆ ಮರಳಿ ಬಂದು ನೆಲೆಸಿದವರು ಇದೇ ಹಾದಿಯನ್ನು ಹಿಂದುಮುಂದಾಗಿ ನಡೆಯಬೇಕಾಗುತ್ತದೆ. ಎನ್.ಆರ್.ಇ. ಖಾತೆಯನ್ನು ತಡಮಾಡದೆ ನಿವಾಸಿ ಖಾತೆಯಾಗಿ ಬದಲಿಸಬೇಕು. ವಿದೇಶಿ ಹಣದಲ್ಲಿಯೇ ಇಟ್ಟ ಎಫ್.ಸಿ.ಎನ್.ಆರ್. ಠೇವಣಿಯನ್ನು ಮಾತ್ರ ಅವಧಿ ತುಂಬುವವರೆಗೆ ಒಪ್ಪಿದ ಬಡ್ಡಿದರದಲ್ಲಿಯೇ ಉಳಿಸಿಕೊಳ್ಳಬಹುದು.