ಒಡಕಿನ ದನಿ

ಹುಣಸೂರಿನ ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತದೆ. ವಿಮಾನಕ್ಕೂ ಇಂಥದೇ ಪರೀಕ್ಷೆ ಬೇಕೆಂದು ನಾನು ಹೇಳಿದರೆ ಕೇಳುಗರಿಗೆ ಸೋಜಿಗವೆನಿಸಬಹುದು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಸಂಯುಕ್ತ ವಸ್ತು. ಎಂದರೆ ಇಂಗಾಲದ ಎಳೆಗಳನ್ನು ರಾಳದಲ್ಲಿ ಪದರಪದರವಾಗಿ ಬೆಸೆದದ್ದು. ಪೆಟ್ಟು ತಿಂದ ಲೋಹ ತಗ್ಗಾಗಿ ತೋರಿಸಿಕೊಡುತ್ತದೆ. ಇದರ ಮೇಲೆ ಸ್ಪ್ಯಾನರೊಂದು ಬಿದ್ದರೆ ಮೈ ನುಣುಪಾಗಿಯೇ ಉಳಿದು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಆಗ ಒತ್ತುವ ಭಾರವನ್ನು ತಾಳುವ ಶಕ್ತಿ ಕುಗ್ಗುತ್ತದೆ.

ಶ್ರವಣಾತೀತ ಶಬ್ದವನ್ನು ಹಾಯಿಸಿ, ಪ್ರತಿಧ್ವನಿಯಿಂದ ಬಿರುಕನ್ನು ಹುಡುಕುವುದುಂಟು. ಆದರೆ ಬಿರುಕಿನ ತುಟಿಗಳು ಒತ್ತಿಕೊಂಡಿದ್ದರೆ ಶಬ್ದ ದಾಟಿಹೋಗುತ್ತದೆ. ಶಬ್ದವನ್ನು ಬಲಪಡಿಸಿದಾಗ ಆ ತುಟಿಗಳು ಅಲೆಯೊಡನೆ ತೆರೆದು ಮುಚ್ಚಿ ಚಪ್ಪಾಳೆ ತಟ್ಟತೊಡಗುತ್ತವೆ. ಸೆಕೆಂಡಿಗೆ 1 ಲಕ್ಷ ಕಂಪನಗಳ ಶಬ್ದವನ್ನು ಕಳುಹಿಸಿದರೆ 2 ಲಕ್ಷದ್ದೂ ಹೊರಡುತ್ತದೆ. ಸಂಗೀತದ ಮಾತಿನಲ್ಲಿ, ಮಧ್ಯಸ್ಥಾಯಿಯ ಷಡ್ಜಕ್ಕೆ ತಾರಷಡ್ಜದ ಉತ್ತರ. ಅಡಗಿದ ದೋಷವೇ ಬಾಯಿಬಿಡುವ ಈ ಬಗೆ ನನಗೆ ಬಹಳ ಮೆಚ್ಚಿಗೆಯಾಗಿದೆ.

ಆದರೂ ಅವಸರ ಸಲ್ಲದು. ಅಳೆಯುವ ಉಪಕರಣವೂ ಅದನ್ನು ಹಿಡಿದಿಟ್ಟ ಅಂಟೂ ತಮ್ಮದೇ ತಾರಸ್ವರವನ್ನು ಬೆರೆಸುತ್ತವೆ. ಪೆಟ್ಟು ತಿನ್ನದ ಹಲಗೆಯ ದನಿಯೊಡನೆ ಹೋಲಿಸಿಯೇ ತೀರ್ಪು ಹೇಳಬೇಕು. ಹಾರುವವರ ಪ್ರಾಣ ಆ ತೀರ್ಪನ್ನು ನಂಬಿರುತ್ತದೆ.