ಎರೆಭೂಮಿಯ ಉಪಾಯ ಏರುದಾರಿಗೆ ಸಲ್ಲದು

ಸದಸ್ಯ ಬಂಧುಗಳಲ್ಲಿ ಹಲವರು ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ಸುಣ್ಣದ ಲಾರಿ ತೋಟದ ರಸ್ತೆಯಲ್ಲಿ ಹಿಂದಕ್ಕೆ ಜಾರಿದ ಸುದ್ದಿಯನ್ನು ಕೇಳಿದ್ದೀರಿ. ಬಾಯಿಂದ ಬಾಯಿಗೆ ಹೋಗುವಾಗ ಸುದ್ದಿ ಬೆಳೆದಿದೆ. ನಡೆದದ್ದೇನು, ಅದರಿಂದ ನಾವು ಕಲಿತದ್ದೇನು ಎಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ನಮ್ಮ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ದು ಹುಳಿಯನ್ನು ಉಳಿಸುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಕಾಫಿಗೂ ಅಡಿಕೆಗೂ ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಕೊಡಲೇಬೇಕು. ಲೋಕಾಪುರ, ಬಾಗಲಕೋಟೆಗಳ ಸುತ್ತ ಸುಣ್ಣದ ಕಲ್ಲೂ ಡಾಲೊಮೈಟೂ ಇರುವುದರಿಂದ ಆ ಕಡೆಯಿಂದಲೇ ತರಿಸುತ್ತಿದ್ದೇವೆ. ಈ ಸಲ ಬಂದದ್ದು ಬೀಳಗಿಯ ಹತ್ತು ಚಕ್ರದ ಲಾರಿ. ಮಾಲೀಕರೂ ಚಾಲಕರೂ ಒಬ್ಬರೇ.

ಅಕಾಲದ ಮಳೆ ಬಿದ್ದು ರಸ್ತೆ ನೆನೆದಿತ್ತು. ಅರ್ಧ ಏರಿನಲ್ಲಿ ಚಕ್ರ ಸುತ್ತತೊಡಗಿತು. ಚಾಲಕರು ಸೀಟಿನ ಪಕ್ಕದಲ್ಲಿದ್ದ ಒಂದು ಕೈ ನಲ್ಲಿಯನ್ನು ತಿರುಗಿಸಿದರು. ಹಿಂದಿನ ಎಕ್ಸೆಲ್ ಮೇಲಕ್ಕೆದ್ದಿತು, ಲಾರಿ ಹತ್ತಿತು. ಆದರೆ ಐವತ್ತು ಅಡಿ ಹೋಗುವಷ್ಟರಲ್ಲಿ ಗಾಳಿಯ ಕೊಳವೆಯ ಜೋಡಣೆಯೊಂದು ಕಿತ್ತು ಬಂದು, ಬ್ರೇಕಿನ ಗಾಳಿ ಇಳಿದು, ಚಕ್ರ ಬಿಗಿದುಕೊಂಡು, ಲಾರಿ ಸುಮಾರು ನಲವತ್ತು ಅಡಿ ಹಿಂದಕ್ಕೆ ಜಾರಿ ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಕ್ಲೀನರ್ ಹುಡುಗ ಚಕ್ರಕ್ಕೆ ಕಲ್ಲು ಕೊಡಲು ಇಳಿದು ಅದೇ ಮರದ ಬಳಿ ನಿಂತಿದ್ದನು. ಪಕ್ಕಕ್ಕೆ ಹಾರಿ ಬದುಕಿದನು.

ಯಂತ್ರದ ವಿಚಾರ

ಹಳೆಯ ಲಾರಿಗಳ ಭಾರವೆಲ್ಲ ಕಮಾನುಪಟ್ಟಿಗಳ ಮೇಲೆ. ಈಚಿನ ಹತ್ತು, ಹನ್ನೆರಡು ಚಕ್ರದ ಹಲವು ಲಾರಿಗಳಲ್ಲಿ ಎಂಜಿನ್ ತಿರುಗಿಸುವ ಎಕ್ಸೆಲ್‌ಗೆ ಪಟ್ಟಿಗಳಿದ್ದರೆ, ಅದರ ಹಿಂದೆ ಬರಿದೆ ಉರುಳುವ 'ಲಿಫ್ಟ್ ಎಕ್ಸೆಲ್' ರಬ್ಬರಿನ ಗಾಳಿಚೀಲಗಳ ಮೇಲೆ ನಿಂತಿರುತ್ತದೆ. ಖಾಲಿ ಓಡುವಾಗ ಅದನ್ನು ಎತ್ತಿಕೊಂಡರೆ ಟಯರು, ಡೀಸೆಲ್ ಉಳಿತಾಯ. ಲೋಡು ಇದ್ದಾಗ ಅದು ನೆಲದ ಮೇಲಿದ್ದು ಭಾರ ಹೊರಬೇಕು.

ಒಂದು ಲೆಕ್ಕ ಮಾಡೋಣ. ಲೋಡು ಸೇರಿ ಲಾರಿಯ ತೂಕ 25 ಟನ್ ಎನ್ನಿ. ಮುಂದೆ 6, ಎಂಜಿನ್ ತಿರುಗಿಸುವ ಎಕ್ಸೆಲ್ ಮೇಲೆ 10, ಲಿಫ್ಟ್ ಎಕ್ಸೆಲ್ ಮೇಲೆ 9. ಆರು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಈ ಲಾರಿಯನ್ನು ಎಳೆಯಲು ನಾಲ್ಕು ಟನ್ನಿಗೂ ಮೇಲ್ಪಟ್ಟು ಬಲ ಬೇಕು. ಒದ್ದೆ ಮಣ್ಣಿನಲ್ಲಿ ಚಕ್ರಕ್ಕೆ ಸಿಗುವ ಹಿಡಿತ ಅದರ ಮೇಲಿನ ಭಾರದ ಹತ್ತರಲ್ಲಿ ನಾಲ್ಕು ಪಾಲು ಎಂದುಕೊಂಡರೂ, 10 ಟನ್ನಿಗೆ 4 ಟನ್ ಮಾತ್ರ. ಚಕ್ರ ಸುತ್ತದೆ ಮತ್ತೇನು?

ಲಿಫ್ಟ್ ಎಕ್ಸೆಲ್ ಎತ್ತಿದರೆ ಅದರ 9 ಟನ್ ಎಳೆಯುವ ಚಕ್ರಗಳ ಮೇಲೆ ಬಿದ್ದು ಹಿಡಿತ ಬರುವುದು ನಿಜ. ಆದರೆ ಅದರ ಬೆಲೆ ದೊಡ್ಡದು. ಮೊದಲನೆಯದಾಗಿ, 2018ರ ಕೇಂದ್ರದ ನಿಯಮದಂತೆ ನಾಲ್ಕು ಟಯರಿನ ಒಂಟಿ ಎಕ್ಸೆಲ್‌ಗೆ ಮಿತಿ 11.5 ಟನ್, ಇಲ್ಲಿ 19 ಟನ್ನಿಗೂ ಹೆಚ್ಚು ಬೀಳುತ್ತದೆ. ಎರಡನೆಯದಾಗಿ, ಹಿಂಬದಿ ಕುಸಿದು ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳದು. ಮೂರನೆಯದಾಗಿ, ಎತ್ತಿದ ಚಕ್ರಗಳ ಬ್ರೇಕು ಇದ್ದೂ ಇಲ್ಲದಂತೆ.

ಎಲ್ಲಕ್ಕಿಂತ ಅಪಾಯದ್ದು ಆ ನಲ್ಲಿಗೆ ಗಾಳಿ ಎಲ್ಲಿಂದ ಬಂತೆಂಬುದು. ಕಂಪನಿಯ ಜೋಡಣೆಯಲ್ಲಿ ಬ್ರೇಕಿನ ಟ್ಯಾಂಕಿಗೂ ಗಾಳಿಚೀಲಕ್ಕೂ ನಡುವೆ ಒಂದು ರಕ್ಷಣಾ ವಾಲ್ವ್ ಇರುತ್ತದೆ. ಚೀಲ ಒಡೆದರೂ ಬ್ರೇಕಿನ ಪಾಲು ಉಳಿಯುತ್ತದೆ. ಇಲ್ಲಿ ವರ್ಕ್‌ಶಾಪಿನವರು ಬ್ರೇಕಿನ ಟ್ಯಾಂಕಿನಿಂದಲೇ ನೇರವಾಗಿ ಕೊಳವೆ ಎಳೆದಿದ್ದರು. ಕೊಳವೆ ಕಿತ್ತೊಡನೆ ಕಾಲಿನ ಬ್ರೇಕು ಸೋತಿತು. ಗಾಳಿ ಇಳಿದರೆ ತಾನಾಗಿ ಬಿಗಿಯುವ ಸ್ಪ್ರಿಂಗ್ ಬ್ರೇಕು ಚಕ್ರವನ್ನು ಹಿಡಿಯಿತು. ಹಿಡಿದ ಚಕ್ರ ಒದ್ದೆ ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ.

ಇನ್ನೊಂದು ಸಂಗತಿ. ಎಡಬಲದ ಚೀಲಗಳು ಒಂದೇ ಕೊಳವೆಯಲ್ಲಿ ಕೂಡಿಕೊಂಡಿದ್ದರೆ ಲಾರಿ ವಾಲಿದ ಕಡೆಯ ಚೀಲದ ಗಾಳಿ ಮತ್ತೊಂದಕ್ಕೆ ಸರಿಯುತ್ತದೆ. ವಾಲುವುದನ್ನು ಚೀಲ ತಡೆಯಲಾರದು. ನಮ್ಮ ಅಡ್ಡ ಇಳಿಜಾರಿನ ತಿರುವುಗಳಲ್ಲಿ ಇದನ್ನು ನೆನಪಿಡಬೇಕು.

ಬೀಳಗಿಯಲ್ಲಿ ಕಂಡದ್ದು

ಆಡಳಿತ ಮಂಡಳಿಯ ಸಭೆಯಲ್ಲಿ 'ಆ ಲಾರಿಯವರನ್ನು ಇನ್ನು ಕರೆಯಬಾರದು, ಬಾಕಿ ಬಾಡಿಗೆಯನ್ನೂ ತಡೆಹಿಡಿಯಬೇಕು' ಎಂಬ ಮಾತು ಬಂದಿತು. ನಿರ್ಧಾರಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿಬರುವುದೆಂದು ಡಿಸೆಂಬರಿನಲ್ಲಿ ಬೀಳಗಿಗೆ ಹೋದೆವು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ನಡುವೆ ಕಬ್ಬಿನ ಸೀಮೆ. ಆಲಮಟ್ಟಿಯ ಹಿನ್ನೀರಿಗೆ ಊರು ಹೊಲ ಬಿಟ್ಟವರು ಅಲ್ಲಿ ಬಹಳ ಜನ. ನಮ್ಮ ಚಾಲಕರ ಮನೆತನವೂ ಅಂಥದೇ.

ಅವರು ನಮ್ಮನ್ನು ಒಂದು ಕಬ್ಬಿನ ಹೊಲಕ್ಕೆ ಕರೆದುಕೊಂಡು ಹೋದರು. ನೀರು ಹಾಯಿಸಿದ ಎರೆಮಣ್ಣಿನಲ್ಲಿ ಲೋಡಾದ ಲಾರಿ ಹೂತು ನಿಂತಿತ್ತು. ಅದರ ಚಾಲಕ ಅಂಥದೇ ನಲ್ಲಿ ತಿರುಗಿಸಿ, ನಾಲ್ಕು ಮಾರು ದಾಟಿ, ಗಟ್ಟಿ ನೆಲಕ್ಕೆ ಬಂದೊಡನೆ ಎಕ್ಸೆಲ್ ಇಳಿಸಿದನು.

'ಸಾಹೇಬ್ರ, ಹೊಲದಾಗ ಲಾರಿ ಹುಗದ್ರ ನಮಗ ಇದೊಂದ ಉಪಾಯರಿ. ಇಲ್ಲಿ ತಪ್ಪಿದ್ರ ಲಾರಿ ನಿಂತಲ್ಲೇ ನಿಂದರತೈತಿ. ನಿಮ್ಮ ಗುಡ್ಡ ಹಿಂಗ ಐತಂತ ನಮಗ ಯಾರೂ ಹೇಳಲಿಲ್ರಿ' ಎಂದರು.

ಈ ಮಾತು ನಮ್ಮನ್ನು ತಟ್ಟಿತು. ಸಮತಟ್ಟಾದ ಹೊಲದಲ್ಲಿಯೂ ಆ ಜೋಡಣೆ ತಪ್ಪೇ. ಆದರೆ ಅಲ್ಲಿ ತಪ್ಪಿದರೆ ಹೋಗುವುದು ಒಂದು ದಿನ, ಇಲ್ಲಿ ಪ್ರಾಣ. ಹಾಗೆಯೇ, ಸರಕು ಕೇಳಿ ಪತ್ರ ಬರೆದ ಕಾರ್ಯದರ್ಶಿಗಳಾದ ನಾವು ಟನ್ನು, ದರ, ದಿನಾಂಕ ಎಲ್ಲ ಬರೆದು ರಸ್ತೆಯ ಏರಿನ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ಇದನ್ನು ಸಭೆಯಲ್ಲಿ ಒಪ್ಪಿಕೊಂಡಿದ್ದೇವೆ. ಬಾಕಿ ಬಾಡಿಗೆ ಸಂದಾಯವಾಗಿದೆ. ನಲ್ಲಿ ಕಳಚಿ ಕಂಪನಿಯ ಜೋಡಣೆಗೆ ಮರಳಿಸಿದ ಲಾರಿ ಜನವರಿಯಲ್ಲಿ ಮತ್ತೆ ಸುಣ್ಣ ತಂದಿದೆ.

ಸದಸ್ಯರು ಗಮನಿಸಬೇಕಾದದ್ದು

ಕೆಲವು ಸದಸ್ಯರು ತಮ್ಮ ಲಾರಿಗೂ ಇಂಥ ನಲ್ಲಿ ಹಾಕಿಸಬಹುದೇ ಎಂದು ಕೇಳಿದ್ದಾರೆ. ಬೇಡವೆಂದೇ ನಮ್ಮ ಉತ್ತರ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ನಿಷಿದ್ಧ. 2019ರ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಯುರೋಪಿನಲ್ಲಿ ಲೋಡಿನ ಲಾರಿ ಹೊರಡುವಾಗ ಎಕ್ಸೆಲ್ ಭಾರ ತಗ್ಗಿಸುವ ಏರ್ಪಾಡಿಗೆ ಅವಕಾಶವುಂಟು. ಆದರೆ ಅಲ್ಲಿಯೂ ಉಳಿದ ಎಕ್ಸೆಲ್ ಮೇಲೆ ಮಿತಿಗಿಂತ ನೂರಕ್ಕೆ 30ಕ್ಕಿಂತ ಹೆಚ್ಚು ಬೀಳಬಾರದು, ವೇಗ ಗಂಟೆಗೆ 30 ಕಿಲೋಮೀಟರ್ ಮುಟ್ಟುವ ಮೊದಲೇ ಎಕ್ಸೆಲ್ ತಾನಾಗಿ ಇಳಿಯಬೇಕು. ಕೈ ನಲ್ಲಿಗೆ ಈ ಬುದ್ಧಿ ಇಲ್ಲ.

ಇನ್ನು ಮುಂದೆ ಸರಕು ಬೇಡಿಕೆಯ ಅರ್ಜಿಯೊಡನೆ ರಸ್ತೆಯ ಏರನ್ನೂ ಬರೆದುಕೊಡಬೇಕಾಗಿ ವಿನಂತಿ. ಅಳೆಯುವುದು ಸುಲಭ: ಹತ್ತು ಅಡಿಯ ಹಲಗೆಯ ಒಂದು ತುದಿಯನ್ನು ಏರಿನ ಮೇಲ್ಭಾಗದ ನೆಲದಲ್ಲಿಟ್ಟು, ರಸಮಟ್ಟದಿಂದ ಹಲಗೆಯನ್ನು ಸಮ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರವಿದೆಯೆಂದು ನೋಡಿ. ಒಂದೂಕಾಲು ಅಡಿಗೆ ಮೀರಿದ್ದರೆ ಅಲ್ಲಿಗೆ ಹತ್ತು ಚಕ್ರದ ಲಾರಿ ಕಳುಹಿಸುವುದಿಲ್ಲ. ಸರಕನ್ನು ಕೆಳಗಿನ ರಸ್ತೆಯಲ್ಲೇ ಇಳಿಸಿ ಟ್ರ್ಯಾಕ್ಟರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಗಿಸಲಾಗುವುದು. ಇದಕ್ಕೆ ಮೂಟೆಗೆ ಕೆಲವು ರೂಪಾಯಿ ಹೆಚ್ಚು ಬೀಳುತ್ತದೆ. ಹೆಚ್ಚಾಯಿತೆಂದು ಯಾರಿಗಾದರೂ ಅನಿಸಿದರೆ ಆ ಸಿಲ್ವರ್ ಓಕ್ ಮರವನ್ನು ಒಮ್ಮೆ ಬಂದು ನೋಡಬೇಕು. ಹುಡುಗನ ಎದೆಯ ಮಟ್ಟಕ್ಕೆ ತೊಗಟೆ ಕಿತ್ತುಹೋಗಿದೆ.