ಕೊಲ್ಹಾಪುರ ಸೀಮೆಯಲ್ಲಿ ಕಲೆಯ ಜಾಡು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಕೊಲ್ಹಾಪುರಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಹಾಲಕ್ಷ್ಮಿಯ ದರ್ಶನ ಮಾಡಿ, ಜೋತಿಬಾನ ಗುಡ್ಡ ಹತ್ತಿಳಿದು, ರಂಕಾಳ ಕೆರೆಯ ದಂಡೆಯ ಮೇಲೆ ಸಂಜೆ ಕಳೆದು, ಒಂದು ಜೊತೆ ಚಪ್ಪಲಿ ಕೊಂಡು ಊರಿಗೆ ಮರಳುತ್ತಾರೆ. ಮರಾಠಿಗರು ಇದೇ ಊರನ್ನು ಅಭಿಮಾನದಿಂದ ‘ಕಲಾಪುರ’ ಎಂದು ಕರೆಯುವುದೂ, ಆ ಹೆಸರಿಗೆ ಕಾರಣವಾದ ಚಿತ್ರಕಾರರು, ಗವಾಯಿಗಳು, ನಟರು, ಚಮ್ಮಾರರು, ಅಕ್ಕಸಾಲಿಗರು ಕೊಲ್ಹಾಪುರದಿಂದ ಇಚಲಕರಂಜಿ, ಗಡಹಿಂಗ್ಲಜಗಳವರೆಗೆ ಹರಡಿಕೊಂಡಿರುವುದೂ ಯಾತ್ರಿಕರ ಗಮನಕ್ಕೆ ಬರುವುದು ಕಡಿಮೆ. ಈ ಸೀಮೆಯಲ್ಲಿ ಕಲೆ ಒಂದೇ ಕಟ್ಟಡದೊಳಗೆ ಒಟ್ಟುಗೂಡಿಲ್ಲವಾದ್ದರಿಂದ ಅದನ್ನು ಗಲ್ಲಿಯಿಂದ ಗಲ್ಲಿಗೆ, ಊರಿಂದ ಊರಿಗೆ ಕೇಳುತ್ತ ಹೋಗಬೇಕಾಗುತ್ತದೆ. ಹಾಗೆ ಹೋದ ಕನ್ನಡಿಗನಿಗೆ ತನ್ನದೇ ಕಲಾಚರಿತ್ರೆಯ ಎಷ್ಟೋ ಎಳೆಗಳು ಅಲ್ಲಿ ಕೈಗೆ ಸಿಗುತ್ತವೆ.

ಹುಡುಕಾಟವನ್ನು ಟೌನ್ ಹಾಲ್ ವಸ್ತುಸಂಗ್ರಹಾಲಯದಿಂದ ಆರಂಭಿಸುವುದು ಒಳ್ಳೆಯದು. ಪಂಚಗಂಗಾ ನದಿಯ ದಂಡೆಯ ಬ್ರಹ್ಮಪುರಿ ದಿಬ್ಬದ ಉತ್ಖನನದಲ್ಲಿ ದೊರೆತ ವಸ್ತುಗಳನ್ನು ಕಾಪಾಡಲು 1940ರ ದಶಕದಲ್ಲಿ ಏರ್ಪಟ್ಟ ಈ ಸಂಗ್ರಹಾಲಯದಲ್ಲಿ, ಎರಡು ಸಾವಿರ ವರ್ಷಗಳ ಹಿಂದಿನ ಕಡಲ ವ್ಯಾಪಾರಕ್ಕೆ ಸಾಕ್ಷಿಯಾಗಿರುವ, ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಪುಟ್ಟ ಕಂಚಿನ ವಿಗ್ರಹವಿದೆ. ಆ ದಿಬ್ಬದ ಕಂಚಿನ ವಸ್ತುಗಳನ್ನು ಬೆಳಕಿಗೆ ತಂದವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರರು. ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಓದಿ 1939ರಲ್ಲಿ ಪ್ರಕಟಿಸಿದ ಅವರು 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಈ ಸೀಮೆಯನ್ನು ಆಳಿದ ಶಿಲಾಹಾರರು ತಮ್ಮ ದಾನಧರ್ಮಗಳನ್ನು ಬಹುವಾಗಿ ಕನ್ನಡದಲ್ಲೇ ಕಲ್ಲಿನಲ್ಲಿ ಕೆತ್ತಿಸಿದ್ದರಿಂದ ಇಲ್ಲಿ ಕನ್ನಡದ ವಿದ್ವಾಂಸನಿಗೆ ಕೈತುಂಬ ಕೆಲಸವಿತ್ತು ಎಂಬುದನ್ನು ನೆನೆದರೆ, ಆ ಸಂಗ್ರಹಾಲಯದ ಕೋಣೆಗಳು ಕನ್ನಡಿಗರಿಗೆ ಪರಸ್ಥಳವೆನಿಸುವುದಿಲ್ಲ.

ಅದೇ ಕಟ್ಟಡದಲ್ಲಿ ಕೊಲ್ಹಾಪುರದ ಚಿತ್ರಕಾರರ ಕೃತಿಗಳೂ ಇವೆ. ಅವರಲ್ಲಿ ಹಿರಿಯರಾದ ಆಬಾಲಾಲ್ ರಹಮಾನ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಕೊಲ್ಹಾಪುರದ ದೊರೆ ರಾಜರ್ಷಿ ಶಾಹೂ ಮಹಾರಾಜರ ಆಸ್ಥಾನದ ಚಿತ್ರಕಾರರಾಗಿ, 1931ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಊರಿನ ಕೆರೆ, ನದಿ, ಘಾಟು, ಮರಗಳನ್ನು ಬರೆದವರು. ಭೂದೃಶ್ಯವೆಂದರೆ ಕಣ್ಣೆದುರಿನ ನೆಲ, ನೀರು, ಬೆಳಕುಗಳನ್ನೇ ವಸ್ತುವಾಗಿಸಿಕೊಂಡ ಚಿತ್ರ. ಅರಮನೆಗಳು ದೊರೆಗಳ ಭಾವಚಿತ್ರಗಳನ್ನೇ ಹೆಚ್ಚಾಗಿ ಬಯಸುತ್ತಿದ್ದ ಕಾಲದಲ್ಲಿ ಒಬ್ಬ ಆಸ್ಥಾನ ಕಲಾವಿದ ರಂಕಾಳದ ದಂಡೆಗೆ ಹೋಗಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಅವರ ಚಿತ್ರಗಳನ್ನು ನೋಡಿದ ಮೇಲೆ ಸಂಜೆಯ ಹೊತ್ತಿಗೆ ಅದೇ ಕೆರೆಯ ಬಳಿ ಹೋಗುವವರು ನೀರಿನ ಬಣ್ಣವನ್ನು ಬೇರೆಯೇ ಗಮನದಿಂದ ನೋಡುತ್ತಾರೆ; ಪ್ರವಾಸದಲ್ಲಿ ಚಿತ್ರಕಲೆಯಿಂದ ಸಿಗುವ ಲಾಭ ಇದೇ.

ಕೊಲ್ಹಾಪುರದ ಚಿತ್ರಕಲೆ ಅರಮನೆಯಿಂದ ನಾಟಕದ ಪರದೆಗೆ, ಪರದೆಯಿಂದ ಸಿನಿಮಾಕ್ಕೆ ಸಾಗಿದ ಬಗೆ ಭಾರತದ ಕಲಾಚರಿತ್ರೆಯಲ್ಲೇ ವಿಶೇಷವಾದದ್ದು. ಬಾಬೂರಾವ್ ಮೇಸ್ತ್ರಿ ಮತ್ತು ಅವರ ದಾಯಾದಿ ಆನಂದರಾವ್ ಸಂಗೀತ ನಾಟಕ ಕಂಪನಿಗಳಿಗೆ ಬೀದಿ, ಅರಮನೆ, ಅಡವಿಗಳ ದೃಶ್ಯವುಳ್ಳ ದೊಡ್ಡ ಪರದೆಗಳನ್ನು ಬರೆದುಕೊಡುತ್ತಿದ್ದರು. ಆ ಕಸುಬಿನಿಂದಲೇ ಬಾಬೂರಾವ್ ಅವರಿಗೆ ‘ಪೇಂಟರ್’ ಎಂಬ ಹೆಸರು ನಿಂತಿತು. ಆ ಕಂಪನಿಗಳಲ್ಲಿ ಹೆಸರಾಂತದ್ದು ‘ಲಲಿತಕಲಾದರ್ಶ’. ಕೊಲ್ಹಾಪುರದ ನಟ, ಗಾಯಕ ಕೇಶವರಾವ್ ಭೋಸಲೆ ಅದನ್ನು ಕಟ್ಟಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. ಚಲನಚಿತ್ರ ಬಂದಾಗ ಮೇಸ್ತ್ರಿ ಸೋದರರು ಹೊರದೇಶದ ಯಂತ್ರಕ್ಕಾಗಿ ಕಾಯದೆ ಸ್ವಂತ ಕ್ಯಾಮೆರಾ ತಯಾರಿಸಲು ತೊಡಗಿದರು. 1916ರಲ್ಲಿ ಆನಂದರಾವ್ ತೀರಿಕೊಂಡರೂ ಬಾಬೂರಾವ್ ಕೆಲಸ ಬಿಡಲಿಲ್ಲ. ತಾವೇ ಮಾಡಿದ ಕ್ಯಾಮೆರಾದಿಂದ ‘ಸೈರಂಧ್ರಿ’ ಎಂಬ ಮೂಕಚಿತ್ರವನ್ನು 1920ರಲ್ಲಿ ತೆರೆಗೆ ತಂದರು. 1925ರ ‘ಸಾವಕಾರಿ ಪಾಶ’ದಲ್ಲಿ ಅವರು ಪುರಾಣವನ್ನು ಬಿಟ್ಟು, ಸಾಲಗಾರ ರೈತನ ಗೋಳನ್ನು ಹೇಳಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಪಳಗಿದ ವಿ. ಶಾಂತಾರಾಮ್ ಮತ್ತು ಸಂಗಡಿಗರು 1929ರಲ್ಲಿ ಇದೇ ಊರಿನಲ್ಲಿ ‘ಪ್ರಭಾತ್’ ಕಂಪನಿಯನ್ನು ಸ್ಥಾಪಿಸಿದರು. ಅದು ಪುಣೆಗೆ ಹೋದದ್ದು ಆಮೇಲೆ.

ಈ ಚರಿತ್ರೆಗೆ ಒಂದು ನೋವಿನ ಅಧ್ಯಾಯವೂ ಸೇರಿದೆ. ಶಾಹೂ ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನದ ಮಗ್ಗುಲಲ್ಲಿ ಕಟ್ಟಿಸಿದ, 1915ರಿಂದ ಬಳಕೆಯಲ್ಲಿದ್ದ ಪ್ಯಾಲೇಸ್ ಥಿಯೇಟರ್ ಮುಂದೆ ಕೇಶವರಾವ್ ಭೋಸಲೆಯವರ ಹೆಸರನ್ನು ಪಡೆಯಿತು. ಅವರ ಜನ್ಮದಿನದ ಹಿಂದಿನ ರಾತ್ರಿ, 2024ರ ಆಗಸ್ಟ್ 8ರಂದು, ಅದು ಬೆಂಕಿಗೆ ತುತ್ತಾಯಿತು. ಸುಟ್ಟ ರಂಗಮಂದಿರದ ಎದುರು ನಿಂತು ಕಲಾವಿದರು ಕಣ್ಣೀರಿಟ್ಟರು. ಅದನ್ನು ಮೊದಲಿನ ಹಾಗೆ ಕಟ್ಟಿ ನಿಲ್ಲಿಸುವ ಕೆಲಸವನ್ನು ಅನಂತರ ಕೈಗೆತ್ತಿಕೊಳ್ಳಲಾಯಿತು. ಇದೇ ಪರಂಪರೆಯ ಇನ್ನೊಂದು ಜಾಗವನ್ನು ನೋಡಬಯಸುವವರು ರಾಜಾರಾಮಪುರಿಯಲ್ಲಿರುವ ಚಂದ್ರಕಾಂತ ಮಾಂಢರೆ ಸಂಗ್ರಹಾಲಯಕ್ಕೆ ಹೋಗಬಹುದು. ಮರಾಠಿ ಚಿತ್ರರಂಗದ ಹೆಸರಾಂತ ನಟರಾಗಿದ್ದ ಮಾಂಢರೆಯವರು ತಾವು ಬರೆದ ಚಿತ್ರಗಳೊಡನೆ ತಮ್ಮ ಮನೆಯನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು.

ಕೊಲ್ಹಾಪುರದಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕಿರುವ ಇಚಲಕರಂಜಿ ಇಂದು ವಿದ್ಯುತ್ ಮಗ್ಗಗಳ ನಗರ. 1904ರಲ್ಲಿ ಮೊದಲ ಮಗ್ಗ ಬಂದಂದಿನಿಂದ ಬೆಳೆದ ಆ ಸದ್ದಿನ ನಡುವೆ ನಡೆಯುವವರಿಗೆ, ಉತ್ತರ ಕರ್ನಾಟಕದ ಸಂಗೀತದ ಒಂದು ಬೇರು ಇದೇ ಊರಿನಲ್ಲಿದೆ ಎಂದು ಹೊಳೆಯುವುದು ಕಷ್ಟ. ಇಲ್ಲಿನ ಜಹಗೀರುದಾರರ ಆಶ್ರಯದಲ್ಲಿದ್ದ ಬಾಲಕೃಷ್ಣಬುವಾ ಇಚಲಕರಂಜಿಕರ್ (1849–1926) ಗುರುವನ್ನು ಹುಡುಕಿಕೊಂಡು ಉತ್ತರದವರೆಗೆ ಅಲೆದು, ವಾಸುದೇವಬುವಾ ಜೋಶಿಯವರಿಂದ ಗ್ವಾಲಿಯರ್ ಘರಾಣೆಯ ಖ್ಯಾಲ್ ಗಾಯನವನ್ನು ಕಲಿತು ದಕ್ಷಿಣಕ್ಕೆ ತಂದರು. ಘರಾಣೆ ಎಂದರೆ ಗುರುವಿನ ಮನೆತನದಲ್ಲಿ ರೂಪುಗೊಂಡು ಶಿಷ್ಯರ ಮೂಲಕ ಹರಿದುಬರುವ ಹಾಡುಗಾರಿಕೆಯ ರೀತಿ. ಖ್ಯಾಲ್ ಎಂದರೆ ಚಿಕ್ಕದೊಂದು ಬಂದಿಶನ್ನು, ಎಂದರೆ ರಾಗಕ್ಕೆ ಕಟ್ಟಿದ ಹಾಡನ್ನು, ಹಿಡಿದು ರಾಗವನ್ನು ಮನೋಧರ್ಮದಿಂದ ಹಂತಹಂತವಾಗಿ ಬೆಳೆಸುವ ಪ್ರಕಾರ. ಬುವಾ ಅವರ ಶಿಷ್ಯರಲ್ಲಿ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತವನ್ನು ಶಾಲೆಯ ವಿದ್ಯೆಯಾಗಿಸಿದರೆ, ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಮಿರಜಿನಲ್ಲಿ ನೆಲೆಸಿ ಕನ್ನಡದ ಹುಡುಗರಿಗೆ ಪಾಠ ಹೇಳಿದರು. ಪಂಚಾಕ್ಷರಿ ಗವಾಯಿಗಳೂ ಮಲ್ಲಿಕಾರ್ಜುನ ಮನ್ಸೂರರೂ ಹಿಂದೂಸ್ಥಾನಿ ಸಂಗೀತವನ್ನು ಕಲಿತದ್ದು ಆ ನೀಲಕಂಠಬುವಾ ಅವರಲ್ಲಿ. ಪಂಚಾಕ್ಷರಿ ಗವಾಯಿಗಳ ಮೂಲಕ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಕೊರಳಿಗೆ ಬಂದ ಖ್ಯಾಲಿನ ದಾರಿ ಹಿಂದೆ ಸರಿಯುತ್ತ ಹೋಗಿ ಮುಟ್ಟುವುದು ಈ ಮಗ್ಗದ ಊರನ್ನು.

ಮನ್ಸೂರರ ಎರಡನೆಯ ದಾರಿಯೂ ಇದೇ ಸೀಮೆಗೆ ಬರುತ್ತದೆ. ಜೈಪುರ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಆಸ್ಥಾನ ಗಾಯಕರಾಗಿ ವರ್ಷಾನುಗಟ್ಟಲೆ ಕೊಲ್ಹಾಪುರದಲ್ಲಿದ್ದರು. ಅವರ ಮಗ ಮಂಜೀ ಖಾನರಲ್ಲಿ ಕಲಿಯುತ್ತಿದ್ದ ಮನ್ಸೂರರು, ಆ ಗುರು ಅಕಾಲದಲ್ಲಿ ತೀರಿಕೊಂಡ ಮೇಲೆ ಇನ್ನೊಬ್ಬ ಮಗ ಭೂರ್ಜೀ ಖಾನರ ಶಿಷ್ಯರಾದರು. 1883ರಲ್ಲಿ ಹುಟ್ಟಿದ ಗಾಯನ ಸಮಾಜ ದೇವಲ್ ಕ್ಲಬ್ ಇಂದಿಗೂ ಕೊಲ್ಹಾಪುರದಲ್ಲಿ ಸಂಗೀತ ಕಲಿಸುತ್ತ ಬೈಠಕ್ಕುಗಳನ್ನು ನಡೆಸುತ್ತಿರುವುದರಿಂದ, ಪ್ರವಾಸದ ದಿನಗಳನ್ನು ಗೊತ್ತುಪಡಿಸುವ ಮೊದಲು ಅಲ್ಲಿನ ಕಛೇರಿಗಳನ್ನು ವಿಚಾರಿಸಿಕೊಳ್ಳುವುದು ಲೇಸು.

ಇಚಲಕರಂಜಿಯ ಸುತ್ತಣ ಹಳ್ಳಿಗಳಲ್ಲಿ ಇನ್ನೂ ಮೂರು ತಾಣಗಳಿವೆ. ಹುಪರಿಯಲ್ಲಿ ಬೆಳ್ಳಿಯ ಕೆಲಸ ಮನೆಮನೆಯ ಕಸುಬು. ಕಾಲ್ಗೆಜ್ಜೆಯ ಒಂದೊಂದು ಕೊಂಡಿಯನ್ನು ಬೆಸೆಯುವವರು ಒಬ್ಬರು, ಮೆರುಗು ಕೊಡುವವರು ಮತ್ತೊಬ್ಬರು. ಪಟ್ಟಣ ಕೋಡೋಲಿಯ ವಿಠ್ಠಲ ಬೀರದೇವನ ಜಾತ್ರೆ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ನಡೆಯುತ್ತದೆ. ಮಹಾರಾಷ್ಟ್ರದ ಧನಗರರೂ ಕರ್ನಾಟಕದ ಹಾಲುಮತದವರೂ ಅಲ್ಲಿ ಕೂಡುತ್ತಾರೆ, ಭಂಡಾರವೆಂದು ಕರೆಯುವ ಅರಿಸಿನದ ಪುಡಿಯಲ್ಲಿ ನೆಲ, ಜನ, ಡೊಳ್ಳುಗಳೆಲ್ಲ ಹಳದಿಯಾಗುತ್ತವೆ. ಡೊಳ್ಳಿನ ಪದ ಕೇಳಿ ಬೆಳೆದ ಕನ್ನಡಿಗನಿಗೆ ಅಲ್ಲಿನ ಮರಾಠಿ ಓವಿ ಹಾಡಿನ ಮಾತು ಅರ್ಥವಾಗದಿದ್ದರೂ ಪೆಟ್ಟು ಅರ್ಥವಾಗುತ್ತದೆ. ಮೂರನೆಯದು ಕೃಷ್ಣೆಯ ದಂಡೆಯ ಖಿದ್ರಾಪುರದ ಕೋಪೇಶ್ವರ ದೇವಾಲಯ. ಶಿಲಾಹಾರರ ಕಾಲದ ಈ ಗುಡಿಯ ಮುಂದಿನ ಸ್ವರ್ಗಮಂಟಪದಲ್ಲಿ 48 ಕಂಬಗಳು ಸುತ್ತುಗಟ್ಟಿ ನಿಂತಿದ್ದು, ಚಾವಣಿಯ ನಡುವೆ ಬಿಟ್ಟಿರುವ ದುಂಡನೆಯ ಬಯಲಿನಿಂದ ಆಕಾಶ ಕಾಣುತ್ತದೆ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಶಿವನ ಗುಡಿಯಾದರೂ ಇಲ್ಲಿ ನಂದಿಯಿಲ್ಲ. ದಕ್ಷಯಜ್ಞಕ್ಕೆ ಹೊರಟ ಸತಿಯನ್ನು ಹೊತ್ತು ಹೋದ ನಂದಿ ಕರ್ನಾಟಕದ ಯಡೂರಿನಲ್ಲಿದೆ ಎಂದು ಜನ ನಂಬುತ್ತಾರೆ.

ದಕ್ಷಿಣಕ್ಕೆ ತಿರುಗಿ ಗಡಹಿಂಗ್ಲಜದ ಕಡೆಗೆ ಹೋಗುವವರು ಕಾಗಲ್ ತಾಲ್ಲೂಕಿನ ಕಾಪಶಿ ಗ್ರಾಮವನ್ನು ನೆನೆಯಬೇಕು, ಏಕೆಂದರೆ ಕೊಲ್ಹಾಪುರಿ ಚಪ್ಪಲಿಯ ಹೆಸರಾಂತ ಮಾದರಿಯೊಂದಕ್ಕೆ ಈ ಊರಿನದೇ ಹೆಸರು. ಸಾಂಪ್ರದಾಯಿಕ ಚಪ್ಪಲಿಯ ತೊಗಲನ್ನು ರಾಸಾಯನಿಕದಿಂದಲ್ಲ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರಿನಿಂದ ಹದಮಾಡುತ್ತಾರೆ. ಹಸಿ ತೊಗಲನ್ನು ಚೀಲದ ಹಾಗೆ ಹೊಲಿದು, ಅದರೊಳಗೆ ಒಗರು ನೀರು ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ಅಟ್ಟೆಯ ಪದರಗಳನ್ನು ಮೊಳೆಯ ಹಂಗಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ, ಇಕ್ಕೆಲಗಳಲ್ಲಿ ಕಿವಿಯಂಥ ಪಟ್ಟಿಗಳನ್ನು ಬಿಡುತ್ತಾರೆ, ಹೆಬ್ಬೆರಳಿಗೆ ಉಂಗುರದಂಥ ಹಿಡಿಕೆ ಕೂಡಿಸುತ್ತಾರೆ. ಮೇಲಿನ ಸಣ್ಣ ಹೆಣಿಗೆ ಬಹುತೇಕ ಹೆಂಗಸರ ಕೈಕೆಲಸ. ಕೊಲ್ಹಾಪುರದ ‘ಚಪ್ಪಲ್ ಲೈನ್’ನಲ್ಲಿ ಕೊಳ್ಳುವವರು ಹೊಲಿಗೆಯನ್ನೂ ವಾಸನೆಯನ್ನೂ ಗಮನಿಸಿದರೆ ಕೈಕೆಲಸದ ಜೋಡು ಯಾವುದು, ಅಂಟು ಹಾಕಿದ ನಕಲಿ ಯಾವುದು ಎಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಈ ಚಪ್ಪಲಿ ಒಂದೇ ರಾಜ್ಯದ ಸ್ವತ್ತಲ್ಲ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರನ್ನು ಇತರರು ಬಳಸದಂತೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ ಮಾನ್ಯತೆಯನ್ನು 2019ರಲ್ಲಿ ಎಂಟು ಜಿಲ್ಲೆಗಳಿಗೆ ಒಟ್ಟಾಗಿ ನೀಡಲಾಯಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿಗಳ ಸಮಗಾರರು ಹೊಲಿದ ಜೋಡುಗಳು ಬಹುಕಾಲದಿಂದ ಕೊಲ್ಹಾಪುರದ ಹೆಸರಿನಲ್ಲೇ ಮಾರಾಟವಾಗುತ್ತ ಬಂದಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ರೂಪದ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿ, ಆಕ್ಷೇಪ ಬಂದ ಬಳಿಕ ಅವು ಭಾರತದ ಕುಶಲಕರ್ಮಿಗಳಿಂದ ಪ್ರೇರಿತವೆಂದು ಒಪ್ಪಿಕೊಂಡಾಗ ದೇಶವೆಲ್ಲ ಕೊಲ್ಹಾಪುರದ ಕಡೆ ನೋಡಿತು. ಆದರೆ ಹೆಸರು ಹೇಳದಿರುವ ತಪ್ಪು ಹೊರಗಿನವರದು ಮಾತ್ರವಲ್ಲ. ಅಂಗಡಿಯ ಹೆಸರನ್ನು ನೆನಪಿಡುವ ಗಿರಾಕಿ ಹೊಲಿದವರ ಹೆಸರನ್ನು ಕೇಳುವುದಿಲ್ಲ. ಚಿತ್ರಪಟದ ಮೂಲೆಯಲ್ಲಿರುವ ರುಜು ಚಪ್ಪಲಿಯ ಅಟ್ಟೆಗಿಲ್ಲ. ಕೆಲಸದ ಜಾಗಕ್ಕೆ ಹೋಗಿ, ಹೊಲಿಯುವವರ ಬಿಡುವು ನೋಡಿ ಮಾತನಾಡಿಸಿ, ಫೋಟೋ ತೆಗೆಯುವ ಮುನ್ನ ಕೇಳಿ, ಚೌಕಾಸಿ ಮಾಡದೆ ಅವರ ಕೈಗೇ ಹಣ ಕೊಟ್ಟು ಕೊಳ್ಳುವುದು ಪ್ರವಾಸಿಗರಿಂದ ಆಗಬಹುದಾದ ನ್ಯಾಯವಾದ ಕೆಲಸ.

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಿಂದ ಸಂಕೇಶ್ವರ ದೂರವಿಲ್ಲ. ತಾಲ್ಲೂಕಿನ ನೂಲ, ಹಲಕರ್ಣಿಗಳಂಥ ಊರುಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಇಲ್ಲಿ ತೋರಿಸಲು ದೊಡ್ಡ ಸಂಗ್ರಹಾಲಯಗಳಿಲ್ಲ. ಕೇಳಲು ಮಾತ್ರ ಒಂದು ವಾದ್ಯವಿದೆ: ಒಂದು ಬದಿಗೆ ಚರ್ಮ ಬಿಗಿದ ಕೊಳಗದಂಥ ಒಡಲು, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಕನ್ನಡದಲ್ಲಿ ಚೌಡಿಕೆ, ಮರಾಠಿಯಲ್ಲಿ ಚೌಂಡಕ ಎನ್ನುವ ಈ ವಾದ್ಯವನ್ನು ಮೀಟುತ್ತ, ಎಲ್ಲಮ್ಮನಿಗೆ ಬಿಟ್ಟ ಜೋಗತಿಯರು ಆ ದೇವಿಯ ಕಥೆಯನ್ನು ಹಾಡುತ್ತಾರೆ. ಈ ಹಾಡನ್ನು ಮೆಚ್ಚಿಕೊಳ್ಳುವವರು ಅದರ ಹಿಂದಿನ ಬದುಕನ್ನೂ ತಿಳಿಯಬೇಕಾಗುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದವು. ಆ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಗಡಹಿಂಗ್ಲಜವೇ ಒಂದು ಕೇಂದ್ರವಾಗಿತ್ತು. ಪದ್ಧತಿ ಹೋಗಬೇಕಾದದ್ದು ಸರಿ, ಅದಕ್ಕೆ ಎರಡು ಮಾತಿಲ್ಲ. ಆದರೆ ಆ ಹೆಣ್ಣುಮಕ್ಕಳು ಕೊರಳಲ್ಲಿ ಉಳಿಸಿಕೊಂಡು ಬಂದ ಹಾಡುಗಳಿಗೆ ವಿದ್ಯೆಯ ಮರ್ಯಾದೆ ಸಿಗಬೇಕು, ಹಾಡುವವರಿಗೆ ಗವಾಯಿಗಳಿಗೆ ಸಲ್ಲುವ ಗೌರವವೇ ಸಲ್ಲಬೇಕು.

ಮಾರ್ಗಶಿರದ ಹುಣ್ಣಿಮೆಗೆ ಕೊಲ್ಹಾಪುರ ಜಿಲ್ಲೆಯಿಂದ ಸಾವಿರಾರು ಜನ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಅವರು ಮರಳಿದ ಮೇಲೆ ಕೊಲ್ಹಾಪುರದ ಹಳ್ಳದ ಬಳಿಯ ರೇಣುಕೆಯ, ಎಂದರೆ ಎಲ್ಲಮ್ಮನ, ಗುಡಿಯಲ್ಲಿ ‘ಆಂಬಿಲ್ ಯಾತ್ರೆ’ ನಡೆಯುತ್ತದೆ. ಆಂಬಿಲ್ ಎಂದರೆ ಕನ್ನಡದ ಮನೆಗಳ ಅಂಬಲಿಯೇ. ಆ ದಿನ ಗುಡಿಯ ಸುತ್ತ ಅಂಬಲಿಯ ನೈವೇದ್ಯ ಹಂಚುತ್ತಿರುವಾಗ ಚೌಡಿಕೆಗಳು ನುಡಿಯುತ್ತಿರುತ್ತವೆ, ‘ಉಧೋ ಉಧೋ’ ಎಂಬ ಕೂಗು ಏಳುತ್ತಿರುತ್ತದೆ.